ರತ್ನಮ್ಮನವರು ಯಾರನ್ನು ಕಂಡರು

ಮೊನ್ನೆ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿ ಸುವರ್ಣಾ ಒಂದು ಕಪ್ಪು ಬಟ್ಟೆಯನ್ನು ಎತ್ತಿ ಹಿಡಿದು, "ಇದನ್ನ ಇನ್ನ ಎಷ್ಟು ದಿನಾ ಇಟ್ಕೋಳೂದ್ರಿ? ಬಣ್ಣಾ ಎಲ್ಲಾ ಹೋಗೈತಿ," ಎಂದಳು.

ಅದು ನಮ್ಮ ಹೊಲಿಗೆ ಯಂತ್ರಕ್ಕೆ ಹೊದಿಸುವ ಬಟ್ಟೆ. ಅದಕ್ಕೂ ಮೊದಲು ಅದು ರಾತ್ರಿಯಾಗಿತ್ತು. ತಮಾಷೆಗೆ ಹೇಳುತ್ತಿಲ್ಲ. ಕಡಿಮೆ ಖರ್ಚಿನ ಸಸ್ಪೆನ್ಸ್ ಸಿನಿಮಾದವರು ಒಮ್ಮೆ ನಮ್ಮ ಕೆಳಗಿನ ಮನೆಯ ಕಿಟಕಿಗಳಿಗೆಲ್ಲ ಇಂಥ ಬಟ್ಟೆ ಬಿಗಿದು, ಕಾಫಿ ತಿಂಡಿಯ ಹೊತ್ತಿಗೇ ನಡುರಾತ್ರಿ ಮಾಡಿಕೊಳ್ಳುತ್ತಿದ್ದರು. ನಿಜವಾದ ರಾತ್ರಿಯಲ್ಲಿ ಕೆಲಸ ಮಾಡಿದರೆ ಎಲ್ಲರಿಗೂ ಹೆಚ್ಚು ಕೊಡಬೇಕಾಗುತ್ತದಂತೆ. ಹೋಗುವಾಗ ರಾತ್ರಿಯ ಒಂದು ತುಂಡನ್ನು ಮೆಟ್ಟಿಲ ಮೇಲೆ ಮರೆತುಹೋದರು. ಸುವರ್ಣಾ ಅದರ ಅಂಚು ಹೊಲಿದು ಇಟ್ಟುಕೊಂಡಳು.

ಆ ಬಟ್ಟೆಯನ್ನು ಎಸೆಯಲು ನನಗೆ ಮನಸ್ಸಿಲ್ಲ. ಕಾರಣ ಹೇಳಬೇಕೆಂದರೆ ನನ್ನ ಚಟದಿಂದ ಶುರು ಮಾಡಬೇಕು.

ಯಾರೂ ಹೆಸರು ಕೇಳಿರದ ನಟರಿರುವ, ಒಂದೇ ಮನೆಯಲ್ಲಿ ಮುಗಿದುಹೋಗುವ, ಕೊನೆಯಲ್ಲಿ ಕೊಲೆಗಾರ ಯಾರೆಂದು ಸರಿಯಾಗಿ ಹೇಳದೆ ಪರದೆ ಕಪ್ಪಾಗಿಬಿಡುವ ಸಿನಿಮಾಗಳೆಂದರೆ ನನಗೆ ಪ್ರಾಣ. ಭಾನುವಾರ ಊಟವಾದ ಮೇಲೆ ಅಂಥದ್ದೊಂದನ್ನು ಹುಡುಕಿ ಟೀವಿಯಲ್ಲಿ ಹಾಕಿಕೊಂಡು ಕೂರುತ್ತೇನೆ. ಸುವರ್ಣಾಗೆ ಅವು ಆಗುವುದಿಲ್ಲ. ಮೂಲೆಯಲ್ಲಿ ಕೂತು ಬೇಡಬೇಡವೆಂದುಕೊಂಡೇ ಪೂರ್ತಿ ನೋಡುತ್ತಾಳೆ. ಹೆಸರುಗಳು ಮೇಲೇರತೊಡಗಿದ ಕೂಡಲೇ ಕೇಳುತ್ತಾಳೆ.

"ಮುಗೀತೇನ್ರಿ?"

"ಮುಗೀತು."

"ಹಂಗಾದ್ರ ಕೊಂದಾವ್ರು ಯಾರು?"

"ಅದು ನಮಗ ಬಿಟ್ಟದ್ದು."

"ನಮಗ ಬಿಟ್ಟದ್ದಂದ್ರ? ಕತಿ ಅವ್ರದು, ಉತ್ತರ ನಾವು ಹೇಳೂದೇನು? ಅರ್ಧಾ ಬೇಯಿಸಿದ ಬ್ಯಾಳಿ ಬಡಿಸಿ, ಉಳಿದದ್ದು ಹೊಟ್ಟಿಯೊಳಗ ಬೇಯಿಸ್ಕೋರಿ ಅಂದಂಗಾತು."

ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುವವನು. ವಾರವಿಡೀ ನನ್ನ ಮುಂದೆ ಬರುವ ಪ್ರಶ್ನೆಗಳಿಗೆಲ್ಲ ಪುಸ್ತಕದ ಹಿಂಬದಿಯಲ್ಲಿ ಉತ್ತರವಿರುತ್ತದೆ. ಭಾನುವಾರವಾದರೂ ಉತ್ತರವಿಲ್ಲದ ಪ್ರಶ್ನೆಯೊಂದು ಸಿಗಲಿ ಎಂಬ ಆಸೆಯಿರಬಹುದು ಎಂದು ಸಹೋದ್ಯೋಗಿಗಳ ಮುಂದೆ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಈ ರುಚಿ ಹತ್ತಿದ್ದು ಚಿಕ್ಕಂದಿನಲ್ಲಿ, ಕರೆಂಟಿನ ದೆಸೆಯಿಂದ.

ನಮ್ಮದು ಮುಧೋಳದ ಕಡೆಯ ಹಳ್ಳಿ. ಊರಿನ ಒಂದೇ ಟೀವಿ ಅಂಚೆ ಮಾಸ್ತರರ ಮನೆಯಲ್ಲಿತ್ತು. ಭಾನುವಾರ ಸಂಜೆ ಅವರ ಪಡಸಾಲೆಯಲ್ಲಿ ಚಾಪೆ ಹಾಸುತ್ತಿದ್ದರು. ನೆಂಟರು ಮುಂದೆ, ನಾವು ಹಿಂದೆ, ಕಂಬಕ್ಕೆ ಒರಗಲು ಜಾಗ ಸಿಕ್ಕವರು ಪುಣ್ಯವಂತರು. ಪತ್ತೇದಾರಿ ಸಿನಿಮಾ ಬಂದರಂತೂ ಮಾಸ್ತರರ ತಾಯಿ ಜಪಮಾಲೆ ಬದಿಗಿಟ್ಟು ಕೂರುತ್ತಿದ್ದರು. ಆದರೆ ಅದೇನು ಗ್ರಹಚಾರವೋ, ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿ, "ಕೊಲೆ ಮಾಡಿದವರು ಈ ಕೋಣೆಯಲ್ಲೇ ಇದ್ದಾರೆ" ಎಂದು ಬೆರಳೆತ್ತುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಕತ್ತಲಲ್ಲಿ ಸ್ವಲ್ಪ ಹೊತ್ತು ಕಾದು, ಚಪ್ಪಲಿ ತಡಕಿಕೊಂಡು ಮನೆಗೆ ಹೊರಡುತ್ತಿದ್ದೆವು.

ದಾರಿಯಲ್ಲಿ ನನ್ನ ಅಕ್ಕ ಶಾಂತಾ ಉಳಿದ ಕಥೆ ಹೇಳುತ್ತಿದ್ದಳು. ಅವಳೂ ನೋಡಿರಲಿಲ್ಲ, ಆದರೂ ನೋಡಿದವರಿಗಿಂತ ಖಚಿತವಾಗಿ ಹೇಳುತ್ತಿದ್ದಳು. ಅವತ್ತು ಅವಳಿಗೆ ಯಾರ ಮೇಲೆ ಸಿಟ್ಟಿತ್ತೋ ಅವರ ಚಹರೆ ಕೊಲೆಗಾರನಿಗೆ ಬರುತ್ತಿತ್ತು. ನಾನು ಅವಳ ಪೆನ್ನಿನ ನಿಬ್ಬು ಮುರಿದ ವಾರ ಕೊಲೆಗಾರನಿಗೆ ಸೋರುವ ಮೂಗೂ ಕಿರಿದಾದ ಚಡ್ಡಿಯೂ ಇದ್ದವು. ಎಷ್ಟೋ ವರ್ಷಗಳ ನಂತರ ಅಂಥ ಸಿನಿಮಾಗಳಲ್ಲಿ ಒಂದು ಪೂರ್ತಿಯಾಗಿ ನೋಡಲು ಸಿಕ್ಕಿತು. ಕೊಲೆಗಾರ ಮನೆಯ ವಕೀಲ. ನನಗೆ ಬೇಜಾರಾಯಿತು. ಶಾಂತಕ್ಕನದೇ ಚೆನ್ನಾಗಿತ್ತು.

ಇನ್ನು ಕಡಿಮೆ ಖರ್ಚಿನದೇ ಯಾಕೆ ಎಂದು ನೀವು ಕೇಳಬಹುದು. ದೊಡ್ಡ ಸಿನಿಮಾದಲ್ಲಿ ನಾಯಕ ಸಾಯುವುದಿಲ್ಲವೆಂದು ಟಿಕೆಟ್ ತೆಗೆಯುವಾಗಲೇ ಗೊತ್ತಿರುತ್ತದೆ. ಅಷ್ಟು ಖರ್ಚು ಮಾಡಿ ತಂದವನನ್ನು ಮಧ್ಯದಲ್ಲಿ ಕೊಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಸಣ್ಣ ಸಿನಿಮಾದಲ್ಲಿ ಆ ಭರವಸೆ ಇಲ್ಲ. ಯಾರ ಮುಖವೂ ಪರಿಚಿತವಲ್ಲ, ಹಾಗಾಗಿ ಯಾರು ಬೇಕಾದರೂ ಸಾಯಬಹುದು, ಯಾರು ಬೇಕಾದರೂ ಕೊಂದಿರಬಹುದು. ಪೊಲೀಸಿನವನೂ ಕಳ್ಳನೂ ಒಂದೇ ಕಾರಿನಲ್ಲಿ ಓಡಾಡುತ್ತಾರೆ, ಇರುವುದು ಅದೊಂದೇ. ಪೊಲೀಸು ಠಾಣೆಯ ಗೋಡೆ ಆಮೇಲೆ ಆಸ್ಪತ್ರೆಯ ಗೋಡೆಯಾಗಿರುತ್ತದೆ. ಇಂಥವನ್ನೆಲ್ಲ ಪತ್ತೆ ಹಚ್ಚುವುದೂ ಒಂದು ಪತ್ತೇದಾರಿಯೇ.

ಇಷ್ಟೆಲ್ಲ ಅಭಿಮಾನವಿದ್ದವನ ಮನೆಗೇ ಅಂಥದ್ದೊಂದು ಸಿನಿಮಾ ಬಂತು.

ನಾವಿರುವುದು ಅಟ್ಟೂರಿನಲ್ಲಿ, ಮೇಲಿನ ಮನೆಯಲ್ಲಿ. ಕೆಳಗಿನ ಮನೆಯಲ್ಲಿ ಮಾಲೀಕರಾದ ಮುನಿರಾಜಪ್ಪ ಮತ್ತು ಅವರ ಹೆಂಡತಿ ರತ್ನಮ್ಮ. ಇಲ್ಲಿಯ ಹಳೆಯ ಒಕ್ಕಲು ಮನೆತನ. ಈಗ ಬಡಾವಣೆಯಾಗಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ರತ್ನಮ್ಮನವರ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹೋಗು ಎಂಬುದು ಓಗು, ಹೇಳು ಎಂಬುದು ಏಳು. ನಾವು ಬಾಡಿಗೆಗೆ ಬಂದ ಹೊಸತರಲ್ಲಿ ಅವರು "ಮೇಷ್ಟ್ರೇ, ಏಳಿ" ಎಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಅವರು ನಾನು ಮಾತು ಶುರುಮಾಡಲಿ ಎಂದು ಕಾಯುತ್ತಿದ್ದರು, ನಾನು ಎಬ್ಬಿಸಿದ್ದೇಕೆಂದು ಅವರು ಹೇಳಲಿ ಎಂದು ಕಾಯುತ್ತಿದ್ದೆ.

ಸಂಜಯನಗರದ ಪ್ರಮೋದ ಎಂಬ ತರುಣ ನಿರ್ದೇಶಕ ಒಂದು ದಿನ ಬಂದು ಮನೆ ಕೇಳಿದ. ಇದು ಅವನ ಮೊದಲ ಸಿನಿಮಾ. ತಮ್ಮ ಕಾರು ಒಂದು ದೃಶ್ಯದಲ್ಲಾದರೂ ಕಾಣಬೇಕೆಂಬ ಷರತ್ತಿನ ಮೇಲೆ ಮುನಿರಾಜಪ್ಪ ಒಪ್ಪಿದರು. ರತ್ನಮ್ಮನವರು ಒಂದೇ ಮಾತು ಕೇಳಿದರು.

"ಕೊಲೆ ಯಾವ ರೂಮಲ್ಲಪ್ಪಾ?"

"ಒಳಗಡೆ ಇದ್ಯಲ್ಲ ಆಂಟಿ, ಆ ಚಿಕ್ಕ ರೂಮಲ್ಲಿ."

"ಅಲ್ಲಿ ಬ್ಯಾಡ. ಅಲ್ಲಿ ನಮ್ಮವ್ವ ಮಲಗ್ತಿದ್ಲು. ಆಲಲ್ಲಿ ಎಷ್ಟಾದ್ರೂ ಕೊಲೆ ಮಾಡ್ಕೊ."

ಹಾಗಾಗಿ ಕೊಲೆ ಹಾಲಿಗೆ ಬಂತು.

ಚಿತ್ರೀಕರಣ ನಡೆದಷ್ಟು ದಿನ ನಾವು ಮೇಲೆ ಬೆಕ್ಕಿನಂತೆ ಬದುಕಿದೆವು. ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ಆದರೆ ಸುವರ್ಣಾ ಜೋಳದ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ. ಶಬ್ದ ಹಿಡಿಯುವ ಹುಡುಗಿ ಮೇಲೆ ಬಂದು, "ಮೇಡಂ, ಆ ಪಟ್ ಪಟ್ ಸೌಂಡ್ ಏನು?" ಎಂದು ಕೇಳಿದಳು. ಬೈಯಲು ಬಂದವಳು ಎರಡು ರೊಟ್ಟಿ ತಿಂದು, ಮೈಕು ತಂದು, ಆ ಸದ್ದನ್ನು ಹಿಡಿದುಕೊಂಡೇ ಹೋದಳು. ಸಿನಿಮಾದಲ್ಲಿ ಆ ಮನೆಯ ಮೇಲಂತಸ್ತು ಖಾಲಿ. ಆದರೂ ಮೇಲಿನಿಂದ ಆಗಾಗ ಪಟ್ ಪಟ್ ಎಂಬ ಸದ್ದು ಕೇಳುತ್ತದೆ. ಅದೇನೆಂದು ಯಾರೂ ಕೊನೆಯವರೆಗೂ ಹೇಳುವುದಿಲ್ಲ. ಅದು ಕಥೆಯಲ್ಲಿ ಕೊಲೆಯಾದ ಹುಡುಗಿಯ ಎದೆಬಡಿತ ಎಂದು ಒಬ್ಬ ವಿಮರ್ಶಕ ಬರೆದ. ಸುವರ್ಣಾ ಅದನ್ನು ಓದಿ, "ಜ್ವಾಳದ್ದು," ಎಂದಳು.

ಕೊನೆಯ ದೃಶ್ಯದ ದಿನ ತೊಂದರೆಯಾಯಿತು. ಕಥೆ ಇಷ್ಟು: ಮನೆಯಲ್ಲಿ ಒಬ್ಬಳು ಹುಡುಗಿ ಸತ್ತಿದ್ದಾಳೆ. ಪೊಲೀಸರು ಒಬ್ಬನನ್ನು ಹಿಡಿದುಕೊಂಡು ಹೋಗುತ್ತಾರೆ. ಎಲ್ಲ ಮುಗಿಯಿತು ಎನ್ನುವಾಗ ಬಾಗಿಲ ಗಂಟೆ ಬಾರಿಸುತ್ತದೆ. ಸತ್ತವಳ ತಾಯಿ ಬಾಗಿಲು ತೆರೆದು, ಹೊರಗೆ ನಿಂತವರನ್ನು ನೋಡುತ್ತಾಳೆ. ನಮಗೆ ಅವಳ ಮುಖ ಮಾತ್ರ ಕಾಣುತ್ತದೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ. ಅದುವರೆಗೆ ಆ ತಾಯಿ ಫೋನಿನಲ್ಲಿ ದನಿಯಾಗಿ ಮಾತ್ರ ಬಂದಿದ್ದಳು. ಮುಖ ತೋರಿಸಬೇಕಾದ ನಟಿಗೆ ಯಾವುದೋ ಧಾರಾವಾಹಿಯ ಕರೆ ಬಂದು ಅವರು ಬರಲೇ ಇಲ್ಲ.

ಪ್ರಮೋದ ರತ್ನಮ್ಮನವರ ಮುಂದೆ ಕೈಮುಗಿದು ನಿಂತ. "ಆಂಟಿ, ಡೈಲಾಗ್ ಇಲ್ಲ. ಬಾಗ್ಲು ತೆಗೀಬೇಕು, ನೋಡ್ಬೇಕು. ಅಷ್ಟೇ."

"ದಿನಾ ಮಾಡೋದೇ ಅಲ್ವಾ," ಎಂದು ಅವರು ಸೆರಗು ಸರಿಮಾಡಿಕೊಂಡು ಬಂದರು.

ಮುಖದ ಮೇಲೆ ಬೆಳಕು ಚೆಲ್ಲಲು ಹಿಡಿಯುವ ಬಿಳಿ ಥರ್ಮಾಕೋಲಿನ ಹಲಗೆಯೊಂದಕ್ಕೆ ಕೈ ಕಡಿಮೆಯಿತ್ತು. ಕೆಲಸವಿಲ್ಲದೆ ನಿಂತಿದ್ದ ನನ್ನ ಕೈಗೆ ಅದನ್ನು ಕೊಟ್ಟು ಬಾಗಿಲಾಚೆ ನಿಲ್ಲಿಸಿದರು. ಹೀಗೆ ಕನ್ನಡ ಚಿತ್ರರಂಗಕ್ಕೆ ನನ್ನ ಪ್ರವೇಶವಾಯಿತು.

ಗಂಟೆ ಬಾರಿಸಿತು. ರತ್ನಮ್ಮನವರು ಬಾಗಿಲು ತೆರೆದು ನನ್ನನ್ನು ನೋಡಿ, "ಬನ್ನಿ ಮೇಷ್ಟ್ರೇ," ಎಂದರು. ಕಟ್. ಎರಡನೆಯ ಸಲ ಮುಗುಳ್ನಕ್ಕರು. ಆಮೇಲೆ ಬಾಗಿಲು ತೆರೆದವರು ಅಭ್ಯಾಸಬಲದಿಂದ ಚಪ್ಪಲಿಗಳನ್ನು ಜೋಡಿಸಿಟ್ಟರು. ಪ್ರಮೋದ ತಾಳ್ಮೆಗೆಡಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಆಂಟಿ, ಮೇಷ್ಟ್ರನ್ನ ಮರ್ತುಬಿಡಿ. ಇವ್ರು ಇನ್ನು ನಮ್ಮನೆಗೆ ಬರೋದೇ ಇಲ್ಲ ಅಂತ ನೀವು ಅಂದ್ಕೊಂಡಿರೋರು ಯಾರಾದ್ರೂ ಇದ್ರೆ, ಅವ್ರು ಬಂದು ನಿಂತಿದಾರೆ ಅಂದ್ಕೊಳ್ಳಿ."

ರತ್ನಮ್ಮನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಂಟೆ ಬಾರಿಸಿತು. ಈ ಸಲ ಬಾಗಿಲು ತೆರೆಯಲು ಸ್ವಲ್ಪ ತಡವಾಯಿತು. ತೆರೆದವರು ನನ್ನತ್ತ ನೋಡಿದರು. ನನ್ನ ಮುಖದ ಮೇಲೇ ಕಣ್ಣಿತ್ತು, ಆದರೆ ಕಂಡದ್ದು ನಾನಲ್ಲ. ಅವರ ತುಟಿ ಒಂದು ಮಾತಿಗೆ ತೆರೆದು, ಆ ಮಾತು ಬೇಡವೆಂದು ನಿಂತಿತು. ಸಂತೋಷವೋ ಭಯವೋ ಹೇಳಲಾಗದು. ನಾನು ಯಾರಿಗೋ ದಾರಿ ಅಡ್ಡಗಟ್ಟಿ ನಿಂತಿದ್ದೇನೆ ಅನ್ನಿಸಿ, ಹಲಗೆ ಹಿಡಿದುಕೊಂಡೇ ಬದಿಗೆ ಸರಿಯಹೋದೆ. ಪ್ರಮೋದ ಕಟ್ ಹೇಳುವುದನ್ನು ಮರೆತಿದ್ದ.

ಸಿನಿಮಾ ಯಲಹಂಕದ ಒಂದು ಮಾಲಿನಲ್ಲಿ ಬೆಳಗಿನ ಆಟವಾಗಿ ಕೆಲವು ದಿನ ನಡೆದು, ಆಮೇಲೆ ಮೊಬೈಲಿಗೆ ಬಂತು. ಮೊಬೈಲಿಗೆ ಬಂದ ಮೇಲೆ ಜನ ನೋಡಿದರು. ನಮ್ಮ ರಸ್ತೆಯಲ್ಲಂತೂ ಎಲ್ಲರಿಗೂ ಒಂದೇ ಪ್ರಶ್ನೆ: ಬಾಗಿಲಾಚೆ ಯಾರಿದ್ದರು? ನಿಜವಾದ ಕೊಲೆಗಾರ ಎಂದು ಹಾಲಿನ ಅಂಗಡಿಯವನು. ಸತ್ತ ಹುಡುಗಿಯೇ ವಾಪಸು ಬಂದಳು ಎಂದು ಎದುರು ಮನೆಯ ಬ್ಯಾಂಕಿನವರು. ಪ್ರಮೋದನನ್ನೇ ಕೇಳಿದರೆ, "ನಂಗೂ ಗೊತ್ತಿಲ್ಲ ಸರ್, ಆಂಟೀನೇ ಕೇಳ್ಬೇಕು," ಎಂದು ನಕ್ಕ. ರತ್ನಮ್ಮನವರನ್ನು ಕೇಳಿದರೆ, "ಡೈರೆಕ್ಟ್ರು ನೋಡು ಅಂದ್ರು, ನೋಡ್ದೆ," ಎನ್ನುತ್ತಿದ್ದರು.

ಅವರು ಬಾಯಿಬಿಟ್ಟದ್ದು ಸುವರ್ಣಾಳ ಮುಂದೆ. ತಾರಸಿಯಲ್ಲಿ ಮೆಣಸಿನಕಾಯಿ ಹರವುತ್ತಿದ್ದಾಗ ಇವಳು ನೇರವಾಗಿ ಕೇಳಿಬಿಟ್ಟಳು. ಉತ್ತರವಿಲ್ಲದೆ ಅವಳಿಗೆ ನಿದ್ದೆ ಬರುವುದಿಲ್ಲ.

"ನನ್ ತಮ್ಮ ಕಣಮ್ಮಾ," ಎಂದರು ರತ್ನಮ್ಮ.

ನಾರಾಯಣಸ್ವಾಮಿ ಎಂಬ ತಮ್ಮನೊಬ್ಬ ಅವರಿಗಿರುವುದು ನಮಗೆ ಗೊತ್ತೇ ಇರಲಿಲ್ಲ. ಬಾಗಲೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಸ್ಕೂಟರಿನಲ್ಲಿ ಹೊರಟರೆ ಒಂದು ಗಂಟೆಯೂ ಬೇಡ. ತಾಯಿ ಕೊನೆಯ ದಿನಗಳಲ್ಲಿ ಮಗಳ ಮನೆಯಲ್ಲಿದ್ದರು. ನಾವು ಈ ಮನೆಗೆ ಬರುವುದಕ್ಕೂ ಮೊದಲೇ, ಒಂದು ಬೆಳಿಗ್ಗೆ ತೀರಿಕೊಂಡರು. ಮಗನಿಗೆ ಯಾರ ಮೂಲಕವೋ ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಮಣ್ಣಾಗಿತ್ತು. ತಾಯಿಯ ಮುಖ ನೋಡಲು ಸಿಗಲಿಲ್ಲ. ಅಕ್ಕ ಬೇಕೆಂದೇ ಹೇಳಿ ಕಳಿಸಲಿಲ್ಲ ಎಂದು ಅವರು ಗುಂಡಿಯ ಪಕ್ಕದಲ್ಲೇ, ಎಲ್ಲರೆದುರು ಅಂದು ಹೊರಟುಹೋದರು. ಮತ್ತೆ ಈ ಬಾಗಿಲಿಗೆ ಬರಲಿಲ್ಲ.

"ನೀವು ಫೋನ್ ಮಾಡಿಸಿರಲಿಲ್ಲೇನ್ರಿ?" ಎಂದು ಸುವರ್ಣಾ ಕೇಳಿದಳಂತೆ.

"ಮಾಡಿ ಅಂತ ಏಳ್ದೆ ಅಂತ್ಲೇ ನಂಗೆ ಗ್ಯಾಪ್ಕ. ಯಾರ್ಗೆ ಏಳ್ದೆ ಅಂತ ಗ್ಯಾಪ್ಕ ಬರಾಕಿಲ್ಲ. ಯಾರನ್ ಕೇಳುದ್ರೂ ನಂಗೆ ಏಳ್ಲಿಲ್ಲ ಅಂತಾರೆ. ಒಂದೊಂದ್ಸಲ ನಂಗೇ ಅನುಮಾನ ಬರ್ತೈತೆ."

ಸುವರ್ಣಾ ಇದನ್ನು ನನಗೆ ಹೇಳಿ, "ನಿಮ್ಮ ಸಿನಿಮಾದಂಗ ಆತು ನೋಡ್ರಿ," ಎಂದಳು. ನನಗೆ ಅವತ್ತು ಆ ಹೋಲಿಕೆ ಹಿಡಿಸಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ, ಭಾನುವಾರ ಬೆಳಿಗ್ಗೆ, ನಾನು ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕುತ್ತಿದ್ದೆ. ಸ್ಕೂಟರೊಂದು ಬಂದು ನಿಂತಿತು. ಐವತ್ತು ದಾಟಿದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಗೇಟು ಮುಟ್ಟದೆ ಹೊರಗೇ ನಿಂತು, "ರತ್ನಮ್ಮೋರು ಮನೇಲವ್ರಾ?" ಎಂದರು.

"ಸಂತೆಗೆ ಹೋಗಿದಾರೆ, ಇಬ್ರೂ. ತಾವು?"

"ಬಾಗಲೂರಿಂದ," ಎಂದರು. ಅಷ್ಟೇ ಹೇಳಿದರು. ಮೂಗು ರತ್ನಮ್ಮನವರದೇ, ಅದು ಉಳಿದದ್ದನ್ನು ಹೇಳಿತು.

ಕೆಳಗೆ ಬೀಗ ಹಾಕಿತ್ತು. ಮೇಲೆ ಬನ್ನಿ ಎಂದೆ. ಸಂಕೋಚದಿಂದಲೇ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಸುವರ್ಣಾ ಚಹಾ ಕೊಟ್ಟಳು. ಅವರು ಒಂದು ಗುಟುಕು ಕುಡಿದು, ನೆಲ ನೋಡುತ್ತ ಮಾತು ತೆಗೆದರು.

"ನಮ್ ಉಡ್ಗಿ ಫೋನಲ್ಲಿ ಪಿಚ್ಚರ್ ಆಕ್ಕೊಟ್ಲು. ಅತ್ತೆ ಬರ್ತಾಳೆ ನೋಡು ಅಂದ್ಲು. ಅಕ್ಕ ಬಾಗ್ಲು ತೆಗ್ದು ಅಂಗೆ ನೋಡ್ತಾಳಲ್ಲ ಮೇಷ್ಟ್ರೇ. ಆಚೆ ಯಾರಿದ್ರು? ನಿಮ್ಗೆ ಏನಾರ ಗೊತ್ತಾ?"

ಗೊತ್ತಿತ್ತು. ಆದರೆ ಅದು ರತ್ನಮ್ಮನವರ ಗುಟ್ಟು. ಅವರನ್ನು ಕೇಳದೆ ಹೇಳುವುದು ಹೇಗೆ? ಹೇಳದಿದ್ದರೆ ಈ ಮನುಷ್ಯ ಎದ್ದು ಹೋಗಬಹುದು. ಇಷ್ಟು ವರ್ಷ ಅಪೂರ್ಣ ಅಂತ್ಯಗಳನ್ನು ಹೊಗಳಿಕೊಂಡು ಬಂದವನಿಗೆ ಈಗ ಒಂದು ಅಂತ್ಯ ಬೇಕಾಗಿತ್ತು. ಕೊನೆಗೆ, ಸುಳ್ಳಲ್ಲದ ಒಂದು ಮಾತು ಸಿಕ್ಕಿತೆಂದು ಅದನ್ನೇ ಹೇಳಿದೆ.

"ನಾನೇ ಇದ್ದೆ. ಥರ್ಮಾಕೋಲ್ ಹಿಡ್ಕೊಂಡು ನಿಂತಿದ್ದೆ."

"ಓ, ನೀವಾ," ಎಂದರು ಅವರು. ಲೋಟ ಕೆಳಗಿಟ್ಟರು. ಸ್ಕೂಟರಿನ ಕೀಲಿಗಾಗಿ ಜೇಬು ತಡಕಿದರು. "ಸರಿ, ಬರ್ತೀನಿ. ನಾನ್ ಬಂದಿದ್ದೆ ಅಂತ ಏಳೋದೇನ್ ಬ್ಯಾಡ."

ಅಡುಗೆಮನೆಯ ಬಾಗಿಲಲ್ಲಿ ಸುವರ್ಣಾ ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು.

"ಅಣ್ಣಾರ, ಕೂಡ್ರಿ," ಎಂದಳು. "ಅಲ್ಲಿ ನಿಂತಾವ್ರು ಇವ್ರು. ರತ್ನಮ್ಮಾರು ನೋಡಿದ್ದು ನಿಮ್ಮನ್ನ."

ಅವರು ಅವಳನ್ನೇ ನೋಡಿದರು. "ಅಕ್ಕ ಏಳಿದ್ಲಾ?"

"ಹೂಂ. ಅವ್ರ ಬಾಯಿಂದನ ಕೇಳೇನಿ."

ನಾರಾಯಣಸ್ವಾಮಿ ಕೂತರು, ಈ ಸಲ ಕುರ್ಚಿಯ ಪೂರ್ತಿ. ಚಹಾ ಕೆನೆಗಟ್ಟಿತು. ನಾನು ಏನಾದರೂ ಹೇಳಬೇಕೆಂದು ಬಾಗಲೂರಿನ ರಸ್ತೆ ಈಗ ಹೇಗಿದೆ ಎಂದು ಕೇಳಿದೆ. ಅವರಿಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ಕೆಳಗೆ ಕಾರು ನಿಂತ ಸದ್ದಾಯಿತು. "ಯಾರ್ದು ಸ್ಕೂಟ್ರು?" ಎಂಬ ದನಿ. ಮುನಿರಾಜಪ್ಪ ಕೆಳಗೆ ಬೀಗ ತೆಗೆಯುವ ಸದ್ದು, ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ. ರತ್ನಮ್ಮನವರು ಅವರೆಕಾಯಿಯ ಚೀಲ ಹಿಡಿದೇ ಬಾಗಿಲಲ್ಲಿ ಕಾಣಿಸಿಕೊಂಡರು. ನಾನು ಅವರ ಮುಖದಲ್ಲಿ ಸಿನಿಮಾದ ನೋಟವನ್ನು ಹುಡುಕಿದೆ. ಅದಿರಲಿಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ, ಬೆವರೊರೆಸಿಕೊಳ್ಳುತ್ತಿದ್ದ ಹೆಂಗಸಿನ ಮುಖ ಅದು.

"ಯಾವಾಗ್ ಬಂದೆ?"

"ಈಗ್ಲೇ."

"ಬಡವಾಗಿದ್ಯಲ್ಲೋ ನಾಣಿ."

"ಸಕ್ಕರೆ ಕಾಯ್ಲೆ. ನಿನ್ ಮಂಡಿ ಎಂಗೈತೆ?"

"ಐತೆ," ಎಂದು ಅವರು ನೆಲದ ಮೇಲೇ ಕೂತುಬಿಟ್ಟರು. ತಮ್ಮನೂ ಕುರ್ಚಿಯಿಂದಿಳಿದು ಎದುರಿಗೆ ಕೂತರು. ನಾನು ಎದ್ದು ಹೊರಗೆ ಹೋಗಲೇ ಎಂದು ಯೋಚಿಸಿದೆ. ಹೋಗಬೇಕೆಂದರೆ ಅವರಿಬ್ಬರನ್ನು ದಾಟಿಯೇ ಹೋಗಬೇಕು.

"ಅಕ್ಕ, ಅವತ್ತು," ಎಂದು ನಾರಾಯಣಸ್ವಾಮಿ ಶುರುಮಾಡಿದರು.

"ಫೋನ್ ಮಾಡಿ ಅಂತ ನಾನ್ ಏಳ್ದೆ ಅಂದ್ಕೊಂಡಿದೀನಿ ಕಣೋ. ಯಾರ್ಗೆ ಅಂತ ಕೇಳ್ಬ್ಯಾಡ. ಅದ್ಕಿಂತ ಜಾಸ್ತಿ ನಂಗೆ ಗೊತ್ತಿಲ್ಲ."

ಸುವರ್ಣಾ ಏನೋ ಕೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು.

ನಾರಾಯಣಸ್ವಾಮಿ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ, "ಓಗ್ಲಿ ಬಿಡು," ಎಂದರು. ತಲೆಯೆತ್ತಿ ಅಕ್ಕನನ್ನು ಕೇಳಿದರು.

"ಅವ್ವ ಎಂಗಿದ್ಲು? ಕೊನೇಲಿ?"

ಯಾರೂ ಅವರಿಗೆ ಅದನ್ನು ಹೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ.

"ನಿದ್ದೆ ಮಾಡ್ತಿದ್ದಂಗೇ ಇದ್ಲು," ಎಂದರು ರತ್ನಮ್ಮ. "ಇಂಗೆ, ಎಡಗಡೆಗೆ ತಲೆ ವಾಲ್ಸ್ಕೊಂಡು. ತಲೆ ಬಾಚಿ, ಊವ ಮುಡ್ಸಿದ್ವಿ. ನೀನು ಯುಗಾದಿಗೆ ತಂದ್ಕೊಟ್ಟಿದ್ಯಲ್ಲ, ಅಸ್ರು ಸೀರೆ, ಅದ್ನೇ ಉಡ್ಸಿದ್ವಿ. ಮೊದ್ಲೇ ಏಳಿಟ್ಟಿದ್ಲು, ಓಗೋವಾಗ ನಾಣಿ ಸೀರೇನೇ ಉಡ್ಸ್ಬೇಕು ಕಣೇ ಅಂತ."

"ಅದ್ನಾ?"

"ಊಂ. ಕೆಂಪಂಚಿಂದು."

"ಅದು ಅವ್ಳಿಗೆ ಇಡಿಸ್ಲಿಲ್ಲ, ಅದ್ಕೇ ಒಂದ್ಸಲಾನೂ ಉಡ್ಲಿಲ್ಲ ಅಂದ್ಕೊಂಡಿದ್ದೆ," ಎಂದು ನಾರಾಯಣಸ್ವಾಮಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

ಸುವರ್ಣಾ ಕೈ ತೊಳೆದು ಬಂದು, ಚೀಲವನ್ನು ತೆಗೆದುಕೊಂಡು ಅವರೆಕಾಯಿಯನ್ನು ನೆಲದ ಮೇಲೆ ಸುರಿದಳು. ನಾಲ್ವರೂ ಸುತ್ತ ಕೂತು ಸುಲಿಯತೊಡಗಿದೆವು.